ಕಪ್ಪು ಕಲೆಗಳಲ್ಲಿ ಮುಖ ಮೂಡುವುದು ಹೇಗೆ?

ಪ್ರಶ್ನೆ: ಕಪ್ಪು-ಬಿಳುಪಿನ ಸ್ಕ್ರೀನ್ ಪ್ರಿಂಟ್ ಕಲಾಕೃತಿಯೊಂದನ್ನು ನೋಡಿದೆ. ಹತ್ತಿರದಿಂದ ಬರೀ ಕಲೆಗಳು, ದೂರ ಸರಿದರೆ ಮನುಷ್ಯನ ಮುಖ! ಇದು ಹೇಗೆ?
– ಓದುಗರು, ದೇವರಾಜ ಮೊಹಲ್ಲಾ, ಮೈಸೂರು

ಉತ್ತರ: ಅರ್ಧ ಕೆಲಸ ಮುದ್ರಣದ್ದು, ಇನ್ನರ್ಧ ನಿಮ್ಮ ಮಿದುಳಿನದು. ಸ್ಕ್ರೀನ್ ಪ್ರಿಂಟ್ ಎಂದರೆ ಲಗ್ನಪತ್ರಿಕೆ, ಬಟ್ಟೆಚೀಲಗಳಿಗೆ ಅಚ್ಚು ಹಾಕುವ ವಿಧಾನವೇ. ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ರಾಸಾಯನಿಕ ಬಳಿದು, ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಕಪ್ಪು ಭಾಗದಡಿಯ ರಾಸಾಯನಿಕ ನೀರಿಗೆ ತೊಳೆದುಹೋಗುತ್ತದೆ. ಶಾಯಿ ಇಳಿಯುವುದು ಅಲ್ಲಿಂದ ಮಾತ್ರ. ಒಂದೇ ಕಪ್ಪು ಶಾಯಿಯಲ್ಲಿ ಬೂದು ಬೇಕಿದ್ದರೆ ಸಣ್ಣ ಚುಕ್ಕಿಗಳ ಮೊರೆಹೋಗಬೇಕು. ಕೆಲವು ಕಲಾವಿದರು ಆ ಚುಕ್ಕಿಗಳನ್ನೂ ಬಿಟ್ಟು ಕಣ್ಣಿನ ಗುಳಿ, ಮೂಗಿನ ಅಡಿ, ತುಟಿಯ ಕೆಳಗಿನ ನೆರಳನ್ನಷ್ಟೇ ಉಳಿಸಬಹುದು.

ಅಷ್ಟು ಸುಳಿವು ಮಿದುಳಿಗೆ ಸಾಕು. ಕೆನಡಾದ ಮನೋವಿಜ್ಞಾನಿ ಕ್ರೇಗ್ ಮೂನಿ 1957ರಲ್ಲಿ ಇಂಥದೇ ಎರಡು ಬಣ್ಣದ ಮುಖಗಳಿಂದ ಮಕ್ಕಳ ಗ್ರಹಿಕೆಯನ್ನು ಪರೀಕ್ಷಿಸಿದ್ದರು. ಬೆಳಕು ಮೇಲಿನಿಂದ ಬೀಳುತ್ತದೆ, ಎರಡು ಕಣ್ಣುಗಳ ಕೆಳಗೆ ಮೂಗು, ಬಾಯಿ ಇರುತ್ತವೆ ಎಂಬ ನಿರೀಕ್ಷೆಯಿಂದಲೇ ಮಿದುಳು ಬಿಟ್ಟ ಜಾಗಗಳನ್ನು ತುಂಬಿಕೊಳ್ಳುತ್ತದೆ. ಅದೇ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ: ಮುಖ ಗುರುತಿಸುವುದು ಬಹಳ ಕಷ್ಟವಾಗುತ್ತದೆ.