ಮುಳುಗಿದ ಗಣಿಯೊಳಗೆ ಈಜು

ಇದು ಅಮೆರಿಕದ ಮಿಸೌರಿ ರಾಜ್ಯದ ಬಾನ್ ಟೆರ್. ಈ ಊರಿನ ನೆಲದಡಿಯಲ್ಲೇ ಒಂದು ದೊಡ್ಡ ಸರೋವರವಿದೆ!

1860ರ ದಶಕದಲ್ಲಿ ಇಲ್ಲಿ ಸೀಸದ ಗಣಿ ಶುರುವಾಯಿತು. ಸುಮಾರು ನೂರು ವರ್ಷ ಅಗೆದ ಮೇಲೆ ಗಣಿ ಮುಚ್ಚಿತು, ನೀರೆತ್ತುವ ಪಂಪುಗಳೂ ನಿಂತವು. ಅಂತರ್ಜಲ ಏರಿ ಕೆಳಗಿನ ಅಂತಸ್ತುಗಳನ್ನೆಲ್ಲ ತುಂಬಿಕೊಂಡಿತು.

ಈಗ ಸ್ಕೂಬಾ ಡೈವರುಗಳು ಗೈಡ್ ಜೊತೆ ಗುಂಪಾಗಿ ಇಳಿಯುತ್ತಾರೆ. ನೀರು ವರ್ಷವಿಡೀ ಸುಮಾರು 14 ಡಿಗ್ರಿ ಸೆಲ್ಸಿಯಸ್, ದಪ್ಪ ವೆಟ್‌ಸೂಟ್ ಬೇಕೇ ಬೇಕು. ಆದರೆ ಎಂಥ ತಿಳಿನೀರು! ಮೇಲಿನ ದೀಪಗಳ ಬೆಳಕು ಆಳಕ್ಕೆ ಇಳಿಯುತ್ತದೆ. ಅಲ್ಲಿ ಅದಿರು ಸಾಗಿಸುತ್ತಿದ್ದ ಬಂಡಿಗಳು ಇನ್ನೂ ಇವೆ. ನನಗೆ ಅದಕ್ಕಿಂತ ದೊಡ್ಡ ಬೆರಗು ಅಲ್ಲಿನ ಕಲ್ಲಿನ ಕಂಬಗಳು. ಚಾವಣಿ ಕುಸಿಯದಿರಲೆಂದು ಕಾರ್ಮಿಕರು ಅಲ್ಲಲ್ಲಿ ಬಂಡೆಯನ್ನು ಅಗೆಯದೆ ಹಾಗೇ ಬಿಟ್ಟರು. ಇಂದಿಗೂ ಭಾರ ಹೊತ್ತಿರುವುದು ಅವೇ.

ಒಂದು ಎಚ್ಚರಿಕೆ. ಸಮುದ್ರದಲ್ಲಾದರೆ ತೊಂದರೆಯಾದಾಗ ನೇರ ಮೇಲಕ್ಕೆ ಬರಬಹುದು. ತಲೆಯ ಮೇಲೆ ಕಲ್ಲಿದ್ದರೆ ಬಂದ ದಾರಿಯಲ್ಲೇ ವಾಪಸಾಗಬೇಕು. ಅದಕ್ಕೇ ಗುಹೆ ಡೈವಿಂಗಿನಲ್ಲಿ ಗಾಳಿಯ ಲೆಕ್ಕ ಕಟ್ಟುನಿಟ್ಟು: ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಮರಳಲು, ಇನ್ನೊಂದು ಪಾಲು ಆಪತ್ತಿಗೆ. ಗುಂಪಿನಲ್ಲಿ ಒಬ್ಬರ ಮೊದಲ ಪಾಲು ಮುಗಿದರೂ ಸಾಕು, ಎಲ್ಲರೂ ತಿರುಗಲೇಬೇಕು.