ಹತ್ತು ವಾರವೋ, ಹದಿನೈದು ವಾರವೋ?

ಕಾಲೇಜಿನ ವರ್ಷವನ್ನು ಎಷ್ಟು ಪಾಲು ಮಾಡಬೇಕೆಂಬುದು ಮೇಲುನೋಟಕ್ಕೆ ಕಚೇರಿಯ ಗುಮಾಸ್ತರಿಗೆ ಬಿಡತಕ್ಕ ಪ್ರಶ್ನೆಯಂತೆ ತೋರುವುದು. ಆದರೆ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯವಾಗಿ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ವಾದವನ್ನು ಗಮನಿಸಿದವರು ಹಾಗೆ ಹೇಳಲಾರರು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ವ್ಯಾಸಂಗ ಮಾಡುತ್ತಿರುವುದರಿಂದ, ಇದು ನಮಗೆ ಕೇವಲ ದೂರದ ಸುದ್ದಿಯೂ ಅಲ್ಲ.

ಅಲ್ಲಿ ಪ್ರಧಾನವಾದ ಪದ್ಧತಿಗಳು ಎರಡು. ಸೆಮಿಸ್ಟರ್ ಪದ್ಧತಿಯಲ್ಲಿ ಸುಮಾರು 15 ವಾರಗಳ ಎರಡು ಅವಧಿಗಳುಂಟು. ಮೊದಲನೆಯದು ಆಗಸ್ಟಿನಲ್ಲಿ ತೊಡಗಿ ಡಿಸೆಂಬರಿಗೂ, ಎರಡನೆಯದು ಜನವರಿಯಲ್ಲಿ ತೊಡಗಿ ಮೇ ತಿಂಗಳಿಗೂ ಮುಗಿಯುತ್ತದೆ. ಲ್ಯಾಟಿನ್ನಿನಲ್ಲಿ ಆರು ತಿಂಗಳೆಂಬ ಅರ್ಥವುಳ್ಳ ಮಾತಿನಿಂದ ಈ ಹೆಸರು ಬಂದಿದೆ; ನಮ್ಮ ‘ಷಣ್ಮಾಸ’ಕ್ಕೂ ಅದಕ್ಕೂ ಮೂಲದಲ್ಲಿ ನಂಟುಂಟು. ಆರರ ಹೆಸರು ಹೊತ್ತು ನಾಲ್ಕಕ್ಕೇ ಮುಗಿಯುವುದು ಬೇರೆ ಮಾತು. ಕ್ವಾರ್ಟರ್ ಪದ್ಧತಿಯಲ್ಲಾದರೋ ವರ್ಷಕ್ಕೆ ನಾಲ್ಕು ಪಾಲು. ಒಂದೊಂದರಲ್ಲಿ ಸುಮಾರು 10 ವಾರ ಪಾಠ, ಆಮೇಲೆ ಪರೀಕ್ಷೆ. ಬಹುಮಂದಿ ಬೇಸಗೆಯ ಪಾಲನ್ನು ಬಿಟ್ಟು ಮೂರನ್ನು ಮಾತ್ರ ಓದುವರು.

ಈ ಎರಡನೆಯ ಪದ್ಧತಿಗೆ ಪ್ರಸಿದ್ಧಿಯನ್ನು ತಂದವರು ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷರಾದ ವಿಲಿಯಂ ರೈನಿ ಹಾರ್ಪರ್. 1892ರಲ್ಲಿ ಅಲ್ಲಿ ಪಾಠಗಳು ಆರಂಭವಾದಾಗಲೇ ಅವರು ವರ್ಷವನ್ನು ನಾಲ್ಕಾಗಿ ವಿಂಗಡಿಸಿದರು. ಬೇಸಗೆಯಲ್ಲಿ ಕಟ್ಟಡಗಳು ಬೀಗ ಹಾಕಿಕೊಂಡಿರುವುದೇಕೆ, ವಿದ್ಯಾರ್ಥಿಯು ವರ್ಷದಲ್ಲಿ ಒಮ್ಮೆ ಮಾತ್ರ ಏಕೆ ಸೇರಬೇಕು ಎಂಬುದು ಅವರ ವಾದದ ತಿರುಳು. ಯಾವ ಪಾಲಿನಲ್ಲಾದರೂ ಸೇರಬಹುದು, ಯಾವ ಪಾಲಿನಲ್ಲಾದರೂ ಪದವಿ ಪಡೆಯಬಹುದು. ಶಾಲೆಗೆ ರಜವಿರುವ ಬೇಸಗೆಯಲ್ಲಿ ಉಪಾಧ್ಯಾಯರೂ ಬಂದು ಓದಬಹುದು. ಬಡವನಿಗೆ ಬಾಗಿಲು ತೆರೆದಿಡುವ ಏರ್ಪಾಡು ಇದೆಂದು ನಾವು ಎಣಿಸುತ್ತೇವೆ.

ಮುಂದೆ ಈ ಪದ್ಧತಿಯನ್ನು ಹಿಡಿದವರೆಲ್ಲರೂ ಅದೇ ಉದ್ದೇಶದಿಂದ ಹಿಡಿಯಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆಯು ಏರುತ್ತಿರಲು, ಇದ್ದ ಕಟ್ಟಡಗಳನ್ನೇ ವರ್ಷಪೂರ್ತಿ ಬಳಸಬೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 1966ರಲ್ಲಿ ಕ್ವಾರ್ಟರಿಗೆ ತಿರುಗಿತು. ಅದರ ಬರ್ಕ್ಲಿ ಶಾಖೆಯು 1983ರಲ್ಲಿ ಮತ್ತೆ ಸೆಮಿಸ್ಟರಿಗೆ ಮರಳಿತು. ಲಾಸ್ ಏಂಜಲೀಸ್ ಶಾಖೆ ಮರಳಲಿಲ್ಲ. 2005ರಲ್ಲಿ ತೆರೆದ ಮರ್ಸೆಡ್ ಶಾಖೆ ಮೊದಲಿನಿಂದಲೂ ಸೆಮಿಸ್ಟರನ್ನೇ ಆರಿಸಿತು. ಒಂದೇ ವಿಶ್ವವಿದ್ಯಾನಿಲಯದ ಮಕ್ಕಳು ಎರಡು ಪಂಚಾಂಗಗಳನ್ನು ನೋಡಬೇಕಾಗಿ ಬಂದುದು ಹೀಗೆ.

ವಿದ್ಯಾರ್ಥಿಯ ಕಡೆಯಿಂದ ನೋಡೋಣ. ಹತ್ತು ವಾರಗಳ ಪಾಠದಲ್ಲಿ ಮೂರನೆಯ ನಾಲ್ಕನೆಯ ವಾರಕ್ಕೇ ಪರೀಕ್ಷೆ ಎದುರಾಗುತ್ತದೆ. ಒಂದು ವಾರ ಜ್ವರ ಹಿಡಿದು ಮಲಗಿದರೆ ಹತ್ತರಲ್ಲೊಂದು ಪಾಲು ಕೈಬಿಟ್ಟಿತು. ಅವಧಿಯ ಕೊನೆಯಲ್ಲಿ ಓದಿಕೊಂಡು ತೇರ್ಗಡೆಯಾಗುವ ಅಭ್ಯಾಸವನ್ನು ಇಲ್ಲಿಂದ ಕೊಂಡೊಯ್ದ ಹುಡುಗನು, ಊರಿನ ಹೆಸರುಗಳು ನಾಲಗೆಗೆ ಹೊಂದುವ ಮೊದಲೇ ಹಿಂದುಳಿಯುವುದುಂಟು. ದೀರ್ಘ ಪ್ರಬಂಧವನ್ನು ಬರೆಯುವುದಕ್ಕೆ, ಪ್ರಯೋಗಶಾಲೆಯಲ್ಲಿ ಕೆಟ್ಟ ಪ್ರಯೋಗವನ್ನು ಇನ್ನೊಮ್ಮೆ ಮಾಡುವುದಕ್ಕೆ, ಅಧ್ಯಾಪಕರು ತನ್ನ ಮುಖವನ್ನು ಗುರುತಿಸುವಂತಾಗುವುದಕ್ಕೆ ಹದಿನೈದು ವಾರಗಳೇ ಲೇಸು. ಇದು ಸೆಮಿಸ್ಟರಿನ ಪಕ್ಷದ ಬಲವಾದ ಮಾತು; ನಾವು ಅದನ್ನು ಅಲ್ಲಗಳೆಯುವುದಿಲ್ಲ. ಕ್ವಾರ್ಟರಿನವರು ಜೂನ್ ನಡುವಿನವರೆಗೆ ತರಗತಿಯಲ್ಲಿರುವಾಗ, ಬೇಸಗೆಯ ಕೆಲಸಗಳಿಗೆ ಉಳಿದವರು ಮೇ ತಿಂಗಳಲ್ಲೇ ಹೊರಡಬಲ್ಲರೆಂಬುದೂ ನಿಜ.

ಆದರೆ ತಪ್ಪಿದವನ ಗತಿಯೇನು? ಸೆಮಿಸ್ಟರಿನಲ್ಲಿ ತನಗೊಗ್ಗದ ವಿಷಯವನ್ನು ಆರಿಸಿಕೊಂಡವನು ನಾಲ್ಕು ತಿಂಗಳು ಅದನ್ನು ಹೊರಬೇಕು, ಮುಂದಿನ ಅವಕಾಶಕ್ಕೆ ಅಷ್ಟೇ ಕಾಯಬೇಕು. ಕ್ವಾರ್ಟರಿನವನು ಎರಡೂವರೆ ತಿಂಗಳಿಗೇ ಅದರಿಂದ ಬಿಡುಗಡೆ ಹೊಂದಿ ಬೇರೊಂದನ್ನು ಪರೀಕ್ಷಿಸಿ ನೋಡಬಲ್ಲನು.

ಇದು ಬರಿಯ ಊಹೆಯಲ್ಲ. ಜಾರ್ಜಿಯಾ ರಾಜ್ಯದ ವಿಶ್ವವಿದ್ಯಾನಿಲಯಗಳು 1998ರಲ್ಲಿಯೂ, ಒಹಾಯೋ ರಾಜ್ಯದ ದೊಡ್ಡ ವಿಶ್ವವಿದ್ಯಾನಿಲಯವು 1922ರಿಂದ ಇದ್ದ ಕ್ವಾರ್ಟರನ್ನು ಬಿಟ್ಟು 2012ರಲ್ಲಿಯೂ ಸೆಮಿಸ್ಟರಿಗೆ ಹೊರಳಿದುವು. ಎಲ್ಲೆಡೆ ಒಂದೇ ಲೆಕ್ಕವಿದ್ದರೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವರಿಗೆ ಅನುಕೂಲವೆಂದು ಒಹಾಯೋದ ಅಧಿಕಾರಿಗಳು ಹೇಳಿದರು. ಅಲ್ಲಿಯ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನೂ ದೇಶದ ಇತರ ಕಾಲೇಜುಗಳ ಲೆಕ್ಕಗಳನ್ನೂ ಪರಿಶೀಲಿಸಿ ಮೂವರು ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಫಲಿತಾಂಶವು ಆ ಭರವಸೆಗೆ ವಿರುದ್ಧವಾಗಿದೆ: ಸೆಮಿಸ್ಟರಿಗೆ ತಿರುಗಿದ ಬಳಿಕ ನಿಯಮಿತ ಕಾಲದೊಳಗೆ ಪದವಿ ಪಡೆಯುವವರು ಕಡಿಮೆಯಾದರು. ಮೊದಲನೆಯ ವರ್ಷದ ಅಂಕಗಳು ಕುಗ್ಗಿದುವು. ಪೂರ್ಣ ಸಂಖ್ಯೆಯ ಪಾಠಗಳನ್ನು ತೆಗೆದುಕೊಳ್ಳುವವರು ತಗ್ಗಿದರು. ಮುಖ್ಯ ವಿಷಯವನ್ನು ನಿಶ್ಚಯಿಸಿಕೊಳ್ಳುವುದು ತಡವಾಯಿತು.

ಅಧಿಕಾರಿಗಳಿಗೆ ಸೆಮಿಸ್ಟರೇ ಹಗುರವೆಂಬುದನ್ನು ನಾವು ಒಪ್ಪುತ್ತೇವೆ: ವರ್ಷಕ್ಕೆ ಮೂರು ಸಲದ ದಾಖಲೆ, ಮೂರು ಸಲದ ಶುಲ್ಕ, ಮೂರು ಸಲದ ಪರೀಕ್ಷೆಗಳ ಬದಲು ಎರಡೇ. ಆ ಉಳಿತಾಯವನ್ನು ಕಚೇರಿಯ ಪುಸ್ತಕದಲ್ಲಿ ಬರೆದಿಡುವರು. ಒಂದು ಪಾಠದಲ್ಲಿ ತಪ್ಪಿ ಇನ್ನೊಂದು ಸೆಮಿಸ್ಟರು ನಿಂತ ವಿದ್ಯಾರ್ಥಿಯ ಶುಲ್ಕ, ಬಾಡಿಗೆ, ಊಟದ ವೆಚ್ಚ, ಇವು ಆ ಪುಸ್ತಕದಲ್ಲಿ ಸೇರುವುದಿಲ್ಲ. ಅವುಗಳನ್ನು ಬರೆದುಕೊಳ್ಳುವವರು ಮನೆಯನ್ನು ಅಡವಿಟ್ಟು ಮಗನನ್ನು ಕಳುಹಿಸಿದ ತಂದೆತಾಯಿಗಳು.