ಸಿಗರೇಟು ಪೊಟ್ಟಣದ ಕಾರ್ಡಿಗೆ ಲಕ್ಷಾಂತರ ಡಾಲರ್

ಬಳಕೆಯ ಸರಕು ಹಳೆಯದಾದಂತೆ ಅದರ ಬೆಲೆ ಕುಗ್ಗುವುದು ಪೇಟೆಯ ಸಾಮಾನ್ಯ ನಿಯಮ. ಸಂಗ್ರಾಹಕರ ಪೇಟೆಯಲ್ಲಿ ಈ ನಿಯಮ ತಲೆಕೆಳಗಾಗುವುದುಂಟು. ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳು ಇದಕ್ಕೆ ಉತ್ತಮ ನಿದರ್ಶನ.

ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ತಂಬಾಕು ಕಂಪನಿಗಳು ಆಟಗಾರರ ಚಿತ್ರವುಳ್ಳ ಪುಟ್ಟ ರಟ್ಟಿನ ಕಾರ್ಡುಗಳನ್ನು ಸಿಗರೇಟು ಪೊಟ್ಟಣಗಳಲ್ಲಿ ಇರಿಸುತ್ತಿದ್ದವು. ಪೊಟ್ಟಣಕ್ಕೆ ಗಟ್ಟಿತನ, ಮಾರಾಟಕ್ಕೆ ಪ್ರಚಾರ ಎಂಬ ಎರಡು ಲಾಭಗಳೂ ಇದರಿಂದ ದೊರೆಯುತ್ತಿದ್ದವು. ಅಮೆರಿಕನ್ ಟೊಬ್ಯಾಕೊ ಕಂಪನಿಯು 1909ರಿಂದ 1911ರವರೆಗೆ ಹೊರತಂದ ಸರಣಿಯಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿದ್ದವು. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು ತಮ್ಮ ಸೂಚಿಯಲ್ಲಿ ಕೊಟ್ಟ 'ಟಿ-206' ಎಂಬ ಹೆಸರಿನಿಂದಲೇ ಆ ಸರಣಿ ಇಂದಿಗೂ ಪ್ರಸಿದ್ಧ.

ಈ ಸರಣಿಯ ಅನೇಕ ಕಾರ್ಡುಗಳು ಶತಮಾನ ಕಳೆದರೂ ಸಾಧಾರಣ ಬೆಲೆಗೆ ದೊರೆಯುತ್ತವೆ. ಆದರೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಅವರ ಕಾರ್ಡಿನ ಮುದ್ರಣ ಆರಂಭದಲ್ಲಿಯೇ ನಿಂತುಹೋಯಿತು. ಮಕ್ಕಳು ಕಾರ್ಡಿಗಾಗಿ ಸಿಗರೇಟು ಕೊಳ್ಳುವುದು ಅವರಿಗೆ ಹಿಡಿಸಲಿಲ್ಲವೆಂದು ಕೆಲವರು, ಸಂಭಾವನೆಯ ವಿಷಯದಲ್ಲಿ ಒಪ್ಪಂದವಾಗಲಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಇಂದು ಉಳಿದಿರುವ ಪ್ರತಿಗಳು ಅರವತ್ತರ ಆಸುಪಾಸು ಮಾತ್ರ. ಬೆಲೆ ಕಟ್ಟುವುದು ವಯಸ್ಸಲ್ಲ, ವಿರಳತೆ ಮತ್ತು ಬೇಡಿಕೆ ಎಂಬುದು ಇದರಿಂದ ಸ್ಪಷ್ಟ.

ಮೂರನೆಯ ಅಂಶ ಕಾರ್ಡಿನ ಸ್ಥಿತಿ. ಅಂಚು, ಮೂಲೆ, ಮೇಲ್ಮೈಗಳನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಶ್ರೇಣಿ ನೀಡುವ ಸ್ವತಂತ್ರ ಸಂಸ್ಥೆಗಳಿವೆ. ಅತ್ಯುತ್ತಮವೆಂದು ಹೆಸರಾದ ವ್ಯಾಗ್ನರ್ ಕಾರ್ಡೊಂದು 1991ರಲ್ಲಿ 4,51,000 ಡಾಲರ್‌ಗೆ ಹರಾಜಾಯಿತು. ಆ ಬಳಿಕ ಎಂಟನೆಯ ಶ್ರೇಣಿ ಪಡೆದು, 2007ರಲ್ಲಿ 28 ಲಕ್ಷ ಡಾಲರ್‌ಗೆ ಕೈಬದಲಾಯಿತು. ಈ ಕಾರ್ಡನ್ನು ಹಿಂದೊಮ್ಮೆ ಮಾರಿದ್ದ ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೊ, ತಾವೇ ಅದರ ಅಂಚನ್ನು ಕತ್ತರಿಸಿ ನೇರಗೊಳಿಸಿದ್ದಾಗಿ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಹರಾಜು ವಂಚನೆಯ ಪ್ರಕರಣದಲ್ಲಿ 2015ರಲ್ಲಿ ಅವರಿಗೆ 20 ತಿಂಗಳ ಸೆರೆವಾಸ ವಿಧಿಸಲಾಯಿತು. ಪರಿಣತರ ಪ್ರಮಾಣಪತ್ರವೂ ಕತ್ತರಿಯ ಗುರುತನ್ನು ತಡೆದಿರಲಿಲ್ಲ!

ಆದರೂ ಪೇಟೆ ಕುಸಿಯಲಿಲ್ಲ. ಕೇವಲ ಎರಡನೆಯ ಶ್ರೇಣಿಯ, ಸವೆದ ಮತ್ತೊಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಮುಚ್ಚುಮರೆಯಿಲ್ಲದೆ ತೋರಿಸಿದ ದೋಷಕ್ಕೂ ಕೊಳ್ಳುವವರಿದ್ದಾರೆ. ಮರೆಮಾಚಿದ ದೋಷವಾದರೋ ಎಂದಾದರೊಂದು ದಿನ ಹೊರಬರುತ್ತದೆ. ಇಂತಹ ವಸ್ತುಗಳಲ್ಲಿ ಹಣ ತೊಡಗಿಸುವವರು ಪ್ರಮಾಣಪತ್ರದೊಡನೆ ಆ ವಸ್ತು ಯಾರಿಂದ ಯಾರ ಕೈಗೆ ಬಂತೆಂಬ ದಾಖಲೆಯನ್ನೂ ಕೇಳಿ ಪಡೆಯುವುದು ಲೇಸು. ಮಾರುವವರಿಗಂತೂ ನಂಬಿಕೆಯೇ ಮೂಲ ಬಂಡವಾಳ.